ಹಿತ್ತಲ ಅಗಸೆ: ಕಳೆದುಕೊಂಡ ಮೇಲೆ ಕಲಿತದ್ದು

2023ರಲ್ಲಿ ಮುಂಗಾರು ಕೈಕೊಟ್ಟಿತು. ಹಿಂಗಾರೂ ಅಷ್ಟಕ್ಕಷ್ಟೆ. ನಮ್ಮದು ಕಡಕೊಳದ ಕೆಂಪು ಮಣ್ಣಿನ ಎರಡೂವರೆ ಎಕರೆ, ಪೂರ್ತಿ ಮಳೆಯಾಶ್ರಯ. ರಾಗಿ ಮೊಣಕಾಲುದ್ದ ಬಂದು ನಿಂತಲ್ಲೇ ಒಣಗಿತು. ಹುರುಳಿಯಿಂದ ಕಾಳಿರಲಿ, ಹೊಟ್ಟೂ ಸಿಗಲಿಲ್ಲ. 2024ರ ಮಾರ್ಚ್ ಹೊತ್ತಿಗೆ ಕೊಟ್ಟಿಗೆಯಲ್ಲಿ ಒಂದು ಹಸು, ಆರು ಆಡು. ಹಸಿರು ಅಂತ ಕಣ್ಣಿಗೆ ಬೀಳುತ್ತಿದ್ದುದು ಹಿತ್ತಲ ಅಗಸೆ ಮರ ಒಂದೇ.

ಒಂದು ಬೆಳಿಗ್ಗೆ ಮಚ್ಚು ತಗೊಂಡು ಹೋದೆ. ಅವ್ವ ಜಗಲಿ ಮೇಲೆ ಕೂತಿದ್ದಳು. "ಲೋ ಮಗ, ರೆಂಬೆ ಕುಯ್ಕೊ. ತಲೆ ಕಡೀಬ್ಯಾಡ. ತಲೆ ಹೋದ್ರೆ ಅದು ಉಳಿಯಾಕಿಲ್ಲ" ಅಂದಳು. "ನುಗ್ಗೆ ಕಡಿದ್ರೆ ಚಿಗುರಲ್ವಾ ಅವ್ವ, ಇದೂ ಚಿಗುರ್ತದೆ ಬುಡು" ಅಂತ ಹೇಳಿ ಎದೆಮಟ್ಟಕ್ಕೆ ಕಡಿದು ಹಾಕಿದೆ. ಆಡುಗಳಿಗೆ ನಾಲ್ಕು ದಿನದ ಮೇವಾಯಿತು. ಯುಗಾದಿ ಬಂತು, ಬೇವು ಚಿಗುರಿತು, ಹೊಂಗೆ ಚಿಗುರಿತು. ಅಗಸೆ ಚಿಗುರಲಿಲ್ಲ. ಮೇ ತಿಂಗಳಲ್ಲಿ ಮಳೆ ಬಿದ್ದಾಗ ಹೋಗಿ ಉಗುರಿನಿಂದ ಕೆರೆದು ನೋಡಿದೆ. ತೊಗಟೆ ಸಿಪ್ಪೆಯ ಹಾಗೆ ಬಿಟ್ಟುಕೊಂಡು ಬಂತು, ಒಳಗೆ ಕಂದು.

ನಮ್ಮ ಮನೆಯಲ್ಲಿ ನನಗೆ ತಿಳಿವಳಿಕೆ ಬಂದಾಗಿನಿಂದ ಅಗಸೆ ಇಲ್ಲದ ವರ್ಷ ಅದೇ ಮೊದಲು. ಅದನ್ನು ಮತ್ತೆ ಹುಟ್ಟಿಸಲು ಹೋದಾಗಲೇ ಗೊತ್ತಾಗಿದ್ದು, ಐವತ್ತು ದಾಟಿದ ರೈತನಾದ ನನಗೆ ಆ ಮರ ಬೆಳೆಸೋದು ಬರುತ್ತಿರಲಿಲ್ಲ ಅಂತ. ಯಾಕೆಂದರೆ ನಾವು ಯಾರೂ ಅದನ್ನು ಬೆಳೆಸಿರಲೇ ಇಲ್ಲ. ಬೀಜ ಉದುರುತ್ತಿತ್ತು, ಬಟ್ಟೆ ಒಗೆಯೋ ಕಲ್ಲಿನ ಹತ್ತಿರ ತೇವದಲ್ಲಿ ತಾನೇ ಹುಟ್ಟುತ್ತಿತ್ತು. ಹಳೆಯದು ಸಾಯುವಷ್ಟರಲ್ಲಿ ಹೊಸದು ಆಳೆತ್ತರ ಬಂದಿರುತ್ತಿತ್ತು. ಹೀಗಾಗಿ ಅದೇ ಒಂದು ಮರ ಅಂತ ನಾವು ತಿಳಿದುಕೊಂಡಿದ್ದೆವು. 2016ರಲ್ಲಿ ಮಗಳ ಮದುವೆಗೆ ಅಂತ ಹಿತ್ತಲಿಗೆಲ್ಲ ಸಿಮೆಂಟು ಹಾಕಿಸಿದೆ. ಆಮೇಲೆ ಬೀಜ ಬಿದ್ದಿದ್ದೆಲ್ಲ ಸಿಮೆಂಟಿನ ಮೇಲೆ. ಪೊರಕೆಗೆ ಹೋಯಿತು. ಒಂದು ಮರ ಮಾತ್ರ ಉಳಿದಿದ್ದುದರ ಕಾರಣ ಇದೇ. ಅದರ ಕಥೆಯನ್ನು ನಾನು ಮುಗಿಸಿದೆ.

ಅಗಸೆ ಯಾವುದು ಅಂತ ಕೆಲವರಿಗೆ ಗೊಂದಲ ಇರಬಹುದು. ಎಲೆ ಹುಣಸೆ ಎಲೆಯ ಹಾಗೆ ಜೋಡಿ ಜೋಡಿ, ಆದರೆ ದೊಡ್ಡದು. ಹೂವು ಗಿಳಿ ಕೊಕ್ಕಿನ ಹಾಗೆ ಬಾಗಿದ್ದು, ಬಿಳಿ; ಕೆಂಪು ಹೂವಿನದೂ ಉಂಟು. ಕಾಯಿ ಒಂದು ಒಂದೂವರೆ ಅಡಿ ಉದ್ದ, ಸಣ್ಣಗೆ ಜೋತುಬಿದ್ದಿರುತ್ತದೆ. ದೂರದಿಂದ ನೋಡಿದರೆ ನುಗ್ಗೆ ಅನ್ನಿಸೀತು. ಆದರೆ ನುಗ್ಗೆ ದ್ವಿದಳದ ಜಾತಿ ಅಲ್ಲ. ಅಗಸೆ ಅವರೆ, ಅಲಸಂದೆ ಕುಲಕ್ಕೆ ಸೇರಿದ್ದು, ಮರವಾಗಿ ಬೆಳೆದ ಹುರುಳಿಕಾಯಿ ಅನ್ನಿ. ಗದ್ದೆಗೆ ಹಸಿರೆಲೆ ಗೊಬ್ಬರಕ್ಕೆ ಹಾಕುವ ಡಯಾಂಚಕ್ಕೆ ಇದು ಅಣ್ಣ. ಪುಸ್ತಕದ ಹೆಸರು ಸೆಸ್ಬೇನಿಯಾ ಗ್ರಾಂಡಿಫ್ಲೋರಾ.

ಇದು ನಮ್ಮ ಕಡೆ ಬಂದದ್ದು ಎಲೆತೋಟಗಳಿಂದ. ಮೈಸೂರು ಚಿಗುರೆಲೆ ಅಂತ ಹೆಸರಾದ ವೀಳ್ಯದೆಲೆ ತೋಟಗಳು ಹಳೇ ಅಗ್ರಹಾರದ ಪೂರ್ಣಯ್ಯನ ಛತ್ರದ ಕಡೆಯಿಂದ ವಿದ್ಯಾರಣ್ಯಪುರದವರೆಗೂ ಇದ್ದವು. ಅಲ್ಲಿಂದ ನಂಜನಗೂಡು ರಸ್ತೆ ಹಿಡಿದರೆ ನಮ್ಮೂರು. ನಮ್ಮ ಸೋದರಮಾವನದೂ ಆ ಕಡೆ ಒಂದು ಗುತ್ತಿಗೆ ತೋಟ. ಮೊದಲು ಸಾಲಾಗಿ ಅಗಸೆ ಬೀಜ ಹಾಕುವುದು, ಅದು ಎದ್ದ ಮೇಲೆ ಬುಡದಲ್ಲಿ ವೀಳ್ಯದ ಹಂಬು ನೆಡುವುದು. ಹಂಬಿಗೆ ಆಸರೆಯೂ ಅದೇ, ತೆಳು ನೆರಳೂ ಅದೇ. ನಾನು ಹುಡುಗನಾಗಿದ್ದಾಗ ಮಾವ ಬರುವಾಗೆಲ್ಲ ಅವ್ವನಿಗೆ ಒಂದು ಕವಳಿಗೆ ಎಲೆ, ಒಂದು ಹೊರೆ ಅಗಸೆ ಸೊಪ್ಪು ತರುತ್ತಿದ್ದ. ನಮ್ಮ ಹಿತ್ತಲಿಗೆ ಮೊದಲ ಬೀಜ ತಂದವನೂ ಅವನೇ. ಆ ಜಾಗದಲ್ಲಿ ಈಗ ಮನೆಗಳಿವೆ. ಮೈಸೂರು ವೀಳ್ಯದೆಲೆಗೆ ಜಿ.ಐ. ಮಾನ್ಯತೆ ಬಂದು ಎಷ್ಟೋ ವರ್ಷ ಆಯಿತು. ಅದನ್ನು ಹೊತ್ತು ನಿಂತ ಮರದ ಹೆಸರು ಎತ್ತಿದವರಿಲ್ಲ.

ಬೀಜ ಹುಡುಕಿದ್ದು

ಮರ ಸತ್ತ ಮೇಲೆ ಮಗನಿಗೆ ಹೇಳಿದೆ, ಮೈಸೂರಿಗೆ ಹೋದಾಗ ಅಗಸೆ ಬೀಜ ತಗೊಂಡು ಬಾ ಅಂತ. ತಂದ. ಕಾಲು ಕೆಜಿ. ಚಪ್ಪಟೆಯಾಗಿ, ನುಣ್ಣಗೆ, ಎಳ್ಳಿಗಿಂತ ದೊಡ್ಡದು. ನನಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಅದು ಎಣ್ಣೆಕಾಳಿನ ಅಗಸೆ, ಬಯಲುಸೀಮೆಯವರು ಚಟ್ನಿಪುಡಿ ಮಾಡ್ತಾರಲ್ಲ, ಅದು. ಅಂಗಡಿಯವನ ತಪ್ಪಲ್ಲ, ಹೆಸರೇ ಒಂದು. ನಮ್ಮ ಮನೆಯ ಹಿಂದಿನ ಬಾಡಿಗೆ ಮನೆಯಲ್ಲಿ ಹಾವೇರಿ ಕಡೆಯವರು ಇದ್ದಾರೆ, ಗಂಡ ಇಲ್ಲೇ ಫ್ಯಾಕ್ಟರಿಗೆ ಹೋಗ್ತಾನೆ. ಆಕೆ ಸತ್ತ ಮರ ನೋಡಿ, "ಅಯ್ಯ, ಇದು ಚೊಗಚಿ ಗಿಡ ಅಲ್ಲೇನ್ರಿ ಕಾಕಾ? ನಾವು ಅಗಸಿ ಅಂದ್ರ ನೀವು ತಂದೀರಲ್ಲ, ಆ ಕಾಳು" ಅಂದಳು. ಆದ್ದರಿಂದ ಉತ್ತರದ ಕಡೆಯ ಓದುಗರು ಇದನ್ನು ಚೊಗಚೆ ಅಂತ ಓದಿಕೊಳ್ಳಿ. ಪೇಟೆಯಲ್ಲಿ ಕೇಳುವಾಗ ಮರದ ಅಗಸೆ ಅಂತ ಬಿಡಿಸಿ ಹೇಳಿ. ಬೀಜ ಕಂದು ಬಣ್ಣ, ಅಲಸಂದೆಯ ಆಕಾರ, ಅದಕ್ಕಿಂತ ಚಿಕ್ಕದು.

ಕೊನೆಗೆ ಅವ್ವನ ಹಳೇ ಟ್ರಂಕಿನಲ್ಲಿ ಒಂದು ಬಿಸ್ಕತ್ ಡಬ್ಬ ಸಿಕ್ಕಿತು. ಒಳಗೆ ಎರಡು ಹಿಡಿ ಅಗಸೆ ಬೀಜ. ಮುಚ್ಚಳ ತೆಗೆದರೆ ಹಿಟ್ಟು ಹಾರಿತು. ಹುಳು ಕೊರೆದು ಸೊನ್ನೆ ಮಾಡಿತ್ತು. ನೀರಿಗೆ ಹಾಕಿದೆ. ತೇಲಿದ್ದೆಲ್ಲ ಚೆಲ್ಲಿದೆ. ತಳಕ್ಕೆ ಕೂತದ್ದು ಇಪ್ಪತ್ತಮೂರು ಕಾಳು. ಮಾವ ಕೊಟ್ಟ ಬೀಜದ ವಂಶ ಅಂತ ಉಳಿದದ್ದು ಅಷ್ಟೇ.

ಇಲ್ಲೂ ಒಂದು ತಪ್ಪು ಮಾಡಿದೆ. ಹಿಂದೆ ನಮ್ಮ ಕಡೆ ಸುಬಾಬುಲ್ ಹಾಕಿಸುವಾಗ ಬೀಜವನ್ನು ಕುದಿಯೋ ನೀರಿನಲ್ಲಿ ಅದ್ದಿ ತೆಗೆಯಬೇಕು ಅಂತ ಹೇಳಿಕೊಟ್ಟಿದ್ದರು. ಸುಬಾಬುಲ್ ಬೀಜದ ಸಿಪ್ಪೆ ಕಲ್ಲಿನ ಹಾಗೆ, ಅದಕ್ಕೆ ಅದು ಸರಿ. ಅಗಸೆಗೂ ಅದೇ ಮಾಡೋಣ ಅಂತ ಹನ್ನೆರಡು ಕಾಳನ್ನು ಬಿಸಿನೀರಿಗೆ ಹಾಕಿದೆ. ಬೆಂದುಹೋದವು. ಒಂದೂ ಹುಟ್ಟಲಿಲ್ಲ. ಪುಣ್ಯಕ್ಕೆ ಹನ್ನೊಂದನ್ನು ಬೇರೆ ಇಟ್ಟಿದ್ದೆ. ಅಗಸೆಯ ಸಿಪ್ಪೆ ಅಷ್ಟು ಗಟ್ಟಿ ಅಲ್ಲ. ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ಬಿತ್ತಿದರೆ ಸಾಕು. ನೆನೆಸಿದ ಮೇಲೂ ಉಬ್ಬದೆ ಉಳಿದ ಕಾಳಿದ್ದರೆ ಮೊಳಕೆ ಕಣ್ಣಿಗೆ ತಾಕದ ಹಾಗೆ ಬೆನ್ನ ಕಡೆ ಮರಳು ಕಾಗದಕ್ಕೆ ಎರಡು ಸಲ ಉಜ್ಜಿ ಮತ್ತೆ ನೆನೆಸಿ. ಹನ್ನೊಂದರಲ್ಲಿ ಎಂಟು ಹುಟ್ಟಿದವು, ಐದನೇ ದಿನದಿಂದ ಎಂಟನೇ ದಿನದೊಳಗೆ.

ಎಲ್ಲಿ, ಹೇಗೆ ಹಾಕಬೇಕು

ಸಿಮೆಂಟು ಒಡೆಸಿದೆ. ಮನೆಯವಳು ಬೈದಳು, ದುಡ್ಡು ಕೊಟ್ಟು ಹಾಕಿಸಿ ದುಡ್ಡು ಕೊಟ್ಟು ಒಡೆಸ್ತೀರಲ್ಲ ಅಂತ. ಬಚ್ಚಲು ನೀರು ಹೋಗುವ ಕಡೆ ನಾಲ್ಕು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಪಟ್ಟಿ. ಅಗಸೆಗೆ ನೀರು ನಿಂತರೂ ಚಿಂತೆ ಇಲ್ಲ. ನಮ್ಮ ಕೆಂಪು ಮಣ್ಣಿನ ಬೋಳು ಹೊಲದಲ್ಲಿ ಬೇಸಿಗೆ ತಡೆಯುವುದು ಕಷ್ಟ. ಆದ್ದರಿಂದ ಒಣಭೂಮಿಯವರಿಗೆ ಇದು ಹೊಲದ ಮರ ಅಲ್ಲ, ಬಚ್ಚಲ ಮರ. ಸೋಪಿನ ನೀರಿನಿಂದ ತೊಂದರೆ ಆಗಿಲ್ಲ. ಬಟ್ಟೆ ಒಗೆಯುವ ಪುಡಿಯ ಮೊದಲ ನೀರನ್ನು ಮಾತ್ರ ನಾವು ಬೇರೆ ಕಡೆ ಚೆಲ್ಲುತ್ತೇವೆ.

ಒಂದೂವರೆ ಅಡಿ ಗುಂಡಿ ತೆಗೆದು ಮೇಲ್ಮಣ್ಣು, ಎರಡು ಬುಟ್ಟಿ ಹಳೇ ತಿಪ್ಪೆಗೊಬ್ಬರ ಹಾಕಿ ತುಂಬಿದೆ. ಜೊತೆಗೆ ಸತ್ತ ಮರದ ಬುಡದಿಂದ ಒಂದೊಂದು ಬೊಗಸೆ ಮಣ್ಣು. ಈ ಮಣ್ಣು ಯಾಕೆಂದರೆ, ಅವರೆ ಅಲಸಂದೆ ಹಾಗೇ ಅಗಸೆಯ ಬೇರಿನಲ್ಲೂ ಗಂಟುಗಳು ಕಟ್ಟುತ್ತವೆ. ಅದರೊಳಗಿನ ಅಣುಜೀವಿ ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ. ಹಿಂದೆ ಅಗಸೆ ಇದ್ದ ಜಾಗದ ಮಣ್ಣಿನಲ್ಲಿ ಆ ಜೀವಿ ಮೊದಲೇ ಇರುತ್ತದೆ. ಹೊಸ ಜಾಗಕ್ಕೆ ಹಾಕುವವರು ಯಾವುದಾದರೂ ಅಗಸೆ ಮರದ ಬುಡದಿಂದ ಒಂದು ಚೀಲ ಮಣ್ಣು ತಂದರೆ ಒಳ್ಳೆಯದು. ಒಂದೂವರೆ ತಿಂಗಳಿಗೆ ಹೆಚ್ಚಾದ ಒಂದು ಸಸಿಯನ್ನು ನಿಧಾನಕ್ಕೆ ಕಿತ್ತು ನೋಡಿ. ಬೇರಿಗೆ ಅಂಟಿಕೊಂಡ ಗಂಟನ್ನು ಉಗುರಿನಲ್ಲಿ ಒಡೆದಾಗ ಒಳಗೆ ಕೆಂಪಗಿದ್ದರೆ ಕೆಲಸ ನಡೆದಿದೆ. ಮುಟ್ಟಿದರೆ ಉದುರುವ ಗಂಟು ಒಳ್ಳೆಯದು. ಬೇರೇ ಊದಿಕೊಂಡು ಗಂಟುಗಂಟಾಗಿದ್ದರೆ ಅದು ಜಂತುಹುಳುವಿನ ರೋಗ, ಬದನೆ ಟೊಮೆಟೊಗೆ ಬರುವಂಥದ್ದು. ಆ ಬೆಳೆಗಳು ರೋಗ ಬಿದ್ದ ಮಡಿಯಲ್ಲಿ ಅಗಸೆ ಹಾಕಬಾರದು.

ಈಗ ಬಿತ್ತುವ ಮಾತು. ಹುಟ್ಟಿದ ಎಂಟರಲ್ಲಿ ಐದನ್ನು ಗುಂಡಿಯಲ್ಲೇ ಹಾಕಿದ್ದೆ, ಮೂರನ್ನು ಪಾಲಿಥೀನ್ ಚೀಲದಲ್ಲಿ. ಚೀಲದ ಸಸಿ ಕಣ್ಣೆದುರಿಗೆ ಇರುತ್ತದೆ, ಆಡಿನಿಂದ ಕಾಪಾಡಬಹುದು ಅಂತ ನನ್ನ ಲೆಕ್ಕ. ಒಂದು ಅಡಿ ಆದಾಗ ನೆಡಬೇಕಿತ್ತು, ಕೂಲಿ ಕೆಲಸದ ನಡುವೆ ಎರಡೂವರೆ ತಿಂಗಳು ಬಿಟ್ಟೆ. ಚೀಲ ಹರಿದು ನೋಡಿದರೆ ತಾಯಿಬೇರು ತಳದಲ್ಲಿ ಸುರುಳಿ ಸುತ್ತಿತ್ತು. ನೆಟ್ಟೆ. ಒಂದು ಬದುಕಲೇ ಇಲ್ಲ. ಇನ್ನೊಂದು ವರ್ಷವಾದರೂ ಸೊಂಟದೆತ್ತರ. ಮೂರನೆಯದು ಸುಮಾರಾಗಿದೆ. ಗುಂಡಿಯಲ್ಲೇ ಹುಟ್ಟಿದವು ಅದೇ ವರ್ಷಕ್ಕೆ ಒಂಬತ್ತು ಅಡಿ. ಹೊಸಬರಿಗೆ ನಾನು ಹೇಳುವುದು: ಮರ ಎಲ್ಲಿರಬೇಕೋ ಅಲ್ಲೇ ಬೀಜ ಹಾಕಿ. ಒಂದು ಗುಂಡಿಗೆ ಮೂರು ಬೀಜ, ಒಂದು ಇಂಚಿಗಿಂತ ಆಳ ಬೇಡ. ಗೇಣುದ್ದ ಬಂದಾಗ ಚೆನ್ನಾಗಿರುವುದನ್ನು ಬಿಟ್ಟು ಉಳಿದದ್ದನ್ನು ಕತ್ತರಿಸಿ. ಚೀಲದಲ್ಲೇ ಮಾಡಬೇಕು ಅಂದರೆ ಉದ್ದನೆ ಚೀಲ ತಗೊಂಡು ಮೂವತ್ತರಿಂದ ನಲವತ್ತೈದು ದಿನದೊಳಗೆ ನೆಟ್ಟುಬಿಡಿ.

ಕಡ್ಡಿ ನೆಟ್ಟರೆ ಬರಲ್ವಾ ಅಂತ ಕೇಳುವವರಿದ್ದಾರೆ. ಬರುತ್ತದೆ. ಮರು ವರ್ಷ ಬಲಿತ ರೆಂಬೆಯ ನಾಲ್ಕು ತುಂಡು ನೆಟ್ಟಿದ್ದೆ, ನುಗ್ಗೆ ಕೊಂಬೆ ನೆಟ್ಟ ಹಾಗೆ. ಎರಡಕ್ಕೆ ಗೆದ್ದಲು ಹತ್ತಿತು, ಒಂದು ಕೊಳೆಯಿತು, ಒಂದು ಚಿಗುರಿತು. ಚಿಗುರಿದ್ದು ಆಷಾಢದ ಗಾಳಿಗೆ ಬುಡಸಮೇತ ಮಲಗಿತು. ಕಡ್ಡಿ ಗಿಡಕ್ಕೆ ತಾಯಿಬೇರಿಲ್ಲ, ಮೇಲೆ ಮಾತ್ರ ಬೇಗ ಬೆಳೆಯುತ್ತದೆ. ಬೀಜ ಇಷ್ಟು ಸುಲಭವಾಗಿ ಸಿಗುವಾಗ ಆ ಹಾದಿ ಯಾಕೆ.

ಬಿತ್ತುವ ಕಾಲ ಮೇ ತಿಂಗಳ ಮೊದಲ ಹದ ಮಳೆ. ನಮ್ಮ ಕಡೆ ಆಷಾಢದ ಗಾಳಿ ಜೋರು, ಅಗಸೆಯ ಮರ ಮೆದು, ಲಟಕ್ಕನೆ ಮುರಿಯುತ್ತದೆ. ಗೂಟ ಕೊಟ್ಟು ಸಡಿಲವಾಗಿ ಬಾಳೆನಾರು ಕಟ್ಟಿ. ಸುತ್ತ ಮುಳ್ಳಿನ ಬೇಲಿ ಬೇಕೇ ಬೇಕು. ಅಗಸೆಯ ವಾಸನೆ ಆಡಿಗೆ ಅರ್ಧ ಫರ್ಲಾಂಗಿನಿಂದ ಗೊತ್ತಾಗುತ್ತದೆ ಅಂತ ಕಾಣುತ್ತೆ. ಬುಡದಲ್ಲಿ ಗೋಜಲಾಗಿ ಊದಿಕೊಂಡು ಹೊಟ್ಟಿನಂಥ ಪುಡಿ ಉದುರುತ್ತಿದ್ದರೆ ಕಾಂಡ ಕೊರಕ ಸೇರಿದೆ ಅಂತ ತಿಳಿಯಿರಿ. ತೂತಿಗೆ ಸೈಕಲ್ ಕಡ್ಡಿ ತೂರಿಸಿ ಹುಳುವನ್ನು ಚುಚ್ಚಿ ಸಾಯಿಸಿ, ಮಣ್ಣು ಮೆತ್ತಿದರೆ ಆಯಿತು. ತಿನ್ನುವ ಸೊಪ್ಪಿನ ಮರಕ್ಕೆ ಔಷಧಿ ಹೊಡೆಯಲು ನನಗೆ ಮನಸ್ಸಿಲ್ಲ. ಹಳದಿ ಚಿಟ್ಟೆಯ ಹಸಿರು ಹುಳು ಎಲೆ ತಿನ್ನುತ್ತದೆ, ತಿಂದುಕೊಳ್ಳಲಿ, ಮರ ಮತ್ತೆ ತುಂಬಿಕೊಳ್ಳುತ್ತದೆ.

ಕೊಯ್ಲು

ಈ ಲೇಖನ ಬರೆದದ್ದೇ ಈ ಮಾತಿಗೆ. ನುಗ್ಗೆ, ಗ್ಲಿರಿಸಿಡಿಯ, ಹಾಲುವಾಣ ಇವನ್ನು ಬೋಳಾಗಿ ಕಡಿದರೂ ಚಿಗುರುತ್ತವೆ. ಅವಕ್ಕೆ ಕಾಂಡದಲ್ಲಿ, ಬೇರಿನಲ್ಲಿ ಕೂಡಿಟ್ಟ ಗಂಟು ಇದೆ. ಅಗಸೆ ಬೇಗ ಬೆಳೆದು ಬೇಗ ಖರ್ಚು ಮಾಡುವ ಜಾತಿ. ಮೈಮೇಲೆ ಎಲೆ ಇದ್ದರೆ ಊಟ, ಇಲ್ಲದಿದ್ದರೆ ಉಪವಾಸ. ಒಮ್ಮೆಲೇ ಎಲ್ಲಾ ಎಲೆ ತೆಗೆದರೆ ಎದ್ದೇಳುವುದು ಅಪರೂಪ. ಅದರಲ್ಲೂ ಬರಗಾಲದಲ್ಲಿ ನೆಲದಲ್ಲಿ ತೇವ ಇಲ್ಲದಾಗ ನಾನು ಎದೆಮಟ್ಟಕ್ಕೆ ಕಡಿದೆ.

ಎಲೆತೋಟದವರು ತಲೆ ಕಡಿಯಲ್ವಾ ಅಂತ ನೀವು ಕೇಳಬಹುದು. ಕಡಿಯುತ್ತಾರೆ, ಮಾವನೂ ಕಡಿಯುತ್ತಿದ್ದ. ಆದರೆ ಏಣಿ ಹಾಕಿಕೊಂಡು ಮೇಲೆ, ಹನ್ನೆರಡು ಹದಿಮೂರು ಅಡಿಯಲ್ಲಿ ತುದಿ ಮಾತ್ರ. ಪಕ್ಕದ ರೆಂಬೆಗಳು ಎಲೆಸಮೇತ ಉಳಿದಿರುತ್ತಿದ್ದವು. ಬುಡದಲ್ಲಿ ವೀಳ್ಯಕ್ಕೆ ಕಟ್ಟುವ ನೀರೂ ಇರುತ್ತಿತ್ತು. ಅವ್ವ ಅದನ್ನು ನೋಡಿದವಳು. ನಾನು ಸೊಪ್ಪಿನ ಹೊರೆ ಮಾತ್ರ ನೋಡಿದವನು.

ಈಗ ನಾನು ಮಾಡುವುದು ಹೀಗೆ. ಏಳೆಂಟು ತಿಂಗಳಾಗಿ ಬುಡ ಕೈತೋಳಿನಷ್ಟು ದಪ್ಪ ಆಗುವ ತನಕ ಮಚ್ಚು ಮುಟ್ಟಿಸುವುದಿಲ್ಲ. ಸಾರಿಗೆ ಎರಡು ಹಿಡಿ ಸೊಪ್ಪು ಬೇಕಾದರೆ ಕೈಯಲ್ಲಿ ಬಲಿತ ಎಲೆಯ ಕಡ್ಡಿಗಳನ್ನು ಮುರಿಯುವುದು. ಆಮೇಲೆ ಮೇವಿಗೆ ಒಂದು ಮರದಿಂದ ಒಂದು ಸಲಕ್ಕೆ ಎರಡೋ ಮೂರೋ ಅಡ್ಡರೆಂಬೆ, ಕೆಳಗಿನವು. ಅರ್ಧಕ್ಕಿಂತ ಹೆಚ್ಚು ಎಲೆ ಮರದಲ್ಲೇ ಉಳಿಯಬೇಕು. ಒಂದು ಮರ ಕೊಯ್ದರೆ ಮತ್ತೆ ಆ ಮರದ ಸರದಿ ಎರಡು ತಿಂಗಳ ಮೇಲೆ. ಏಪ್ರಿಲ್‌ನಲ್ಲಿ ಕೈ ಇನ್ನೂ ಹಿಡಿತ. ಹಸುವಿಗೆ ಒಣಹುಲ್ಲಿನ ಜೊತೆ ಎರಡು ಹಿಡಿ ಬೆರೆಸಿದರೆ ಹುಲ್ಲನ್ನೂ ಬಿಡದೆ ತಿನ್ನುತ್ತದೆ. ಕೋಳಿಗೆ ಮಾತ್ರ ಈ ಸೊಪ್ಪು, ಬೀಜ ಹಾಕಬೇಡಿ. ಅವಕ್ಕೆ ಇದು ವಿಷ.

ಅಡುಗೆಯ ಬಗ್ಗೆ ಮನೆಯವಳು ಹೇಳಿ ಬರೆಸಿದ್ದು ಇಷ್ಟು. ಸೊಪ್ಪು ಸ್ವಲ್ಪ ಕಹಿ. ತೊಗರಿಬೇಳೆಯ ಜೊತೆ ಬೇಯಿಸಿ ಬಸಿದು, ಸೊಪ್ಪನ್ನು ಒಗ್ಗರಣೆ ಪಲ್ಯ, ಕಟ್ಟನ್ನು ಬಸ್ಸಾರು. ಹೂವಿನ ಒಳಗಿನ ಕುಸುಮ, ಬುಡದ ಹಸಿರು ತೊಟ್ಟು ತೆಗೆಯದಿದ್ದರೆ ಪಲ್ಯ ಕಹಿಯಾಗುತ್ತದೆ. ಕಾಯಿ ಗೇಣುದ್ದ, ಪೆನ್ಸಿಲಿಗಿಂತ ಸಣ್ಣ ಇದ್ದಾಗ ಕೊಯ್ದು ಅಂಚಿನ ನಾರು ಎಳೆದು ಹುರುಳಿಕಾಯಿ ಹಾಗೆ ಹೆಚ್ಚಬೇಕು. ಒಂದು ವಾರ ತಡವಾದರೆ ನಾರು. ಬಲಿತ ಬೀಜ ನಾವು ತಿನ್ನುವುದಿಲ್ಲ. ಸೊಪ್ಪು ವಾರಕ್ಕೆ ಒಂದೆರಡು ಸಲ ಸಾಕು, ದಿನಾ ತಿಂದರೆ ಹೊಟ್ಟೆ ಸಡಿಲ. ಮೈಸೂರಿನ ಅಗ್ರಹಾರದ ಮನೆಗಳಲ್ಲಿ ಏಕಾದಶಿ ಉಪವಾಸದ ಮರುದಿನ, ದ್ವಾದಶಿ ಪಾರಣೆಗೆ ಅಗಸೆ ಸೊಪ್ಪಿನ ಪಲ್ಯ ಆಗಬೇಕು. ಮಾವ ದ್ವಾದಶಿಯ ಹಿಂದಿನ ಸಂಜೆ ಎಲೆಯ ಜೊತೆ ಸೊಪ್ಪಿನ ಕಟ್ಟೂ ಮಾರುತ್ತಿದ್ದುದು ಅದಕ್ಕೇ. ಥಾಯ್ಲೆಂಡಿನವರು, ಜಾವಾ ದ್ವೀಪದವರು ಹೂವನ್ನೇ ತರಕಾರಿ ಮಾಡುತ್ತಾರೆ, ಜಾವಾದಲ್ಲಿ ಗದ್ದೆ ಬದುವಿನ ಮೇಲೇ ಈ ಮರ. ಅಲ್ಲಿ ನೀರುಂಟು, ನಡೆಯುತ್ತದೆ.

ಬೀಜ ಇಡುವುದು

ಕೊಯ್ಲಿಗೆ ಸಿಕ್ಕ ಅಗಸೆ ನಮ್ಮ ಹಿತ್ತಲಲ್ಲಿ ನಾಲ್ಕೈದು ವರ್ಷಕ್ಕಿಂತ ಹೆಚ್ಚು ಚೆನ್ನಾಗಿರುವುದಿಲ್ಲ. ಆದ್ದರಿಂದ ಒಂದು ಮರ ನೆಟ್ಟು ಮರೆತರೆ ಆಗದು. ಪ್ರತಿ ವರ್ಷ ಮೇ ತಿಂಗಳಲ್ಲಿ ಎರಡು ಹೊಸ ಗುಂಡಿ. ನಮ್ಮ ಇಪ್ಪತ್ತು ಅಡಿ ಪಟ್ಟಿಯಲ್ಲಿ ಈಗ ಬೇರೆ ಬೇರೆ ವಯಸ್ಸಿನ ಮರ ಇದೆ, ಮನೆಯಲ್ಲಿ ಅವ್ವ, ನಾವು, ಮೊಮ್ಮಗು ಇದ್ದ ಹಾಗೆ.

ಬೀಜಕ್ಕೆ ಅಂತ ಒಂದು ಮರವನ್ನು ಮುಟ್ಟದೆ ಬಿಟ್ಟಿದ್ದೇನೆ. ಕೊಯ್ದ ಮರ ಹೂ ಬಿಟ್ಟರೂ ಕಾಯಿ ಪೊಳ್ಳು. ಕಾಯಿ ಮರದಲ್ಲೇ ಕಂದು ಬಣ್ಣಕ್ಕೆ ತಿರುಗಿ, ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು ಬರುವಾಗ, ಸಿಡಿಯುವ ಮೊದಲು ತೆಗೆಯಬೇಕು. ಹೊಲದಲ್ಲಿ ಇರುವಾಗಲೇ ಹುಳು ಮೊಟ್ಟೆ ಇಟ್ಟಿರುತ್ತದೆ, ಡಬ್ಬದಲ್ಲಿ ಅದು ಒಡೆದು ಒಳಗೊಳಗೇ ತಿನ್ನುತ್ತದೆ. ಅವ್ವನ ಡಬ್ಬ ಹಾಳಾದದ್ದು ಹೀಗೆ. ಈಗ ಬಿಡಿಸಿದ ಬೀಜವನ್ನು ಎರಡು ದಿನ ಎಳೆಬಿಸಿಲಿಗೆ ಒಣಗಿಸಿ, ತೂತಿದ್ದದ್ದನ್ನು ಆರಿಸಿ, ಬೀಜದಷ್ಟೇ ಅಳತೆಯ ಜರಡಿ ಹಿಡಿದ ಸೌದೆ ಬೂದಿಯಲ್ಲಿ ಬೆರೆಸಿ ಗಾಜಿನ ಸೀಸೆಗೆ ತುಂಬುತ್ತೇನೆ. ಬೂದಿ ಬೀಜದ ನಡುವಿನ ಸಂದು ತುಂಬುತ್ತದೆ, ಹುಳು ಹರಿದಾಡಲು ಆಗುವುದಿಲ್ಲ. ಎರಡನೇ ಸೀಸೆಯನ್ನು ಮಗಳ ಮನೆಯಲ್ಲಿ ಇಟ್ಟಿದ್ದೇನೆ. ಒಂದೇ ಮನೆಯಲ್ಲಿ ಎಲ್ಲ ಬೀಜ ಇಡಬಾರದು ಅನ್ನೋದು ಆ ಇಪ್ಪತ್ತಮೂರು ಕಾಳು ಎಣಿಸಿದ ದಿನ ತಲೆಗೆ ಹೋಯಿತು.

2025ರಲ್ಲಿ ಮೊದಲ ಕಾಯಿ ಒಣಗಿತು. ಹದಿನಾಲ್ಕು ಕಾಯಿ, ಒಂದೊಂದರಲ್ಲಿ ಇಪ್ಪತ್ತರಿಂದ ಮೂವತ್ತು ಬೀಜ. ಹಾವೇರಿ ಕಡೆಯ ಆ ಹೆಣ್ಣುಮಗಳು ಒಂದು ಹಿಡಿ ಕೇಳಿ ಇಸ್ಕೊಂಡಳು, ಬಾಡಿಗೆ ಮನೆಗೆ ನೆಲ ಇಲ್ಲ, ಊರಿಗೆ ಹೋದಾಗ ತವರುಮನೆಯ ಬಚ್ಚಲ ಹಿಂದೆ ಹಾಕ್ತಾಳಂತೆ. ತಗೊಳ್ಳುವಾಗ ಕೇಳಿದಳು, "ಕಾಕಾ, ಇದನ್ನ ಕುದಿಯೋ ನೀರಾಗ ಹಾಕ್ಬೇಕೇನ್ರಿ?" ಅವ್ವ ಜಗಲಿ ಮೇಲಿಂದ ನಕ್ಕಳು. "ತಣ್ಣೀರಮ್ಮ, ತಣ್ಣೀರು" ಅಂದೆ.